ಕೇಬಲ್ ಕಾರಿನಲ್ಲಿ ಹತ್ತಿ, ಕಾಲಲ್ಲಿ ಇಳಿಯುವ ಬೆಟ್ಟ

ಉತ್ತರ ಇಟಲಿಯ ಡೊಲೊಮೈಟ್ಸ್ ಬೆಟ್ಟಗಳಲ್ಲಿ, ಕೊರ್ಟಿನಾ ಊರಿನ ಹತ್ತಿರ, ಲಗಾಟ್ಸುವೊಯ್ ಅಂತ ಒಂದು ರಿಫ್ಯೂಜಿಯೊ ಇದೆ. ಚಾರಣಿಗರಿಗೆ ಊಟ, ಹಾಸಿಗೆ ಕೊಡುವ ಬೆಟ್ಟದ ಮೇಲಿನ ಮನೆ. ಕುಮಾರ ಪರ್ವತ ಹತ್ತಿದವರಿಗೆ ಗಿರಿಗದ್ದೆಯ ಭಟ್ಟರ ಮನೆ ನೆನಪಾದೀತು. ಆದರೆ ಈ ಮನೆ ಇರುವುದು 2,752 ಮೀಟರ್ ಎತ್ತರದಲ್ಲಿ. ನಮ್ಮ ಮುಳ್ಳಯ್ಯನಗಿರಿಯ ತುದಿಗಿಂತ ಎಂಟುನೂರು ಮೀಟರಿಗೂ ಜಾಸ್ತಿ ಮೇಲೆ.

ಅಕ್ಕ, ಭಾವ ಇರುವುದು ಮ್ಯೂನಿಕ್‌ನಲ್ಲಿ. ಆಗಸ್ಟಿನಲ್ಲಿ ಅಪ್ಪ ಅಮ್ಮನ ಜೊತೆ ಅಲ್ಲಿಗೆ ಹೋಗಿದ್ದಾಗ ಎಲ್ಲರೂ ಸೇರಿ ಹೊರಟೆವು. ಭಾವನಿಗೆ ಬಂಡೆ ಹತ್ತುವ ಹುಚ್ಚು. ಅಕ್ಕ, ನಾನು ಸಾಧಾರಣ ಚಾರಣಿಗರು. ಅಮ್ಮನಿಗೆ ಮಂಡಿ ನೋವು. ಅಪ್ಪ ದಿನಾ ಬೆಳಿಗ್ಗೆ ಪಾರ್ಕ್ ಸುತ್ತುವವರು, ಸುಸ್ತು ಅನ್ನುವ ಮಾತೇ ಇಲ್ಲ. ಆದರೆ ಮೂರನೇ ಮಹಡಿಯ ಬಾಲ್ಕನಿಯಿಂದ ಕೆಳಗೆ ನೋಡಿದರೆ ಅವರಿಗೆ ತಲೆ ಸುತ್ತುತ್ತದೆ. ಇಂಥ ಐವರನ್ನು ಒಂದೇ ಬೆಟ್ಟಕ್ಕೆ ಕರೆದೊಯ್ಯಬೇಕು ಅಂದರೆ ಲಗಾಟ್ಸುವೊಯ್‌ಗಿಂತ ಒಳ್ಳೆಯ ಜಾಗ ನನಗಂತೂ ಗೊತ್ತಿಲ್ಲ.

ಕಾರಣ ಸರಳ. 2,105 ಮೀಟರಿನಲ್ಲಿರುವ ಫಲ್ಜಾರೆಗೊ ಪಾಸ್ ಎಂಬ ಬೆಟ್ಟದ ಕಣಿವೆದಾರಿಯವರೆಗೆ ಡಾಂಬರು ರಸ್ತೆ ಇದೆ. ಅಲ್ಲಿಂದ ಕೇಬಲ್ ಕಾರು ಕೆಲವೇ ನಿಮಿಷಗಳಲ್ಲಿ ಮೇಲೆ ತಲುಪಿಸುತ್ತದೆ. ಮಂಡಿ ನೋವಿನವರೂ ಬಂಡೆ ಹತ್ತುವವರೂ ಒಂದೇ ಎತ್ತರಕ್ಕೆ, ಒಂದೇ ಡಬ್ಬಿಯಲ್ಲಿ ಬಂದು ಇಳಿಯುತ್ತಾರೆ. ಯಾರಿಗೆ ಯಾವ ದಾರಿ ಅನ್ನುವ ಪ್ರಶ್ನೆ ಬರುವುದು ಆಮೇಲೆ.

ಅದಕ್ಕೆ ಇಟಲಿಯವರ ಲೆಕ್ಕ ತಿಳಿದಿರಬೇಕು. ಚಾರಣದ ದಾರಿಗಳನ್ನು ಅವರು ಅಕ್ಷರಗಳಲ್ಲಿ ಗುರುತಿಸುತ್ತಾರೆ. ಟಿ ಅಂದರೆ ಯಾರಾದರೂ ನಡೆಯಬಹುದು. ಇ ಅಂದರೆ ಬೆಟ್ಟದ ಕಾಲುದಾರಿ, ಒಳ್ಳೆಯ ಶೂ ಬೇಕು. ಇಇ ಅಂದರೆ ಅನುಭವ ಇದ್ದವರಿಗೆ ಮಾತ್ರ. ಇಇಎ ಅಂದರೆ ಹೆಲ್ಮೆಟ್, ಸೊಂಟದ ಪಟ್ಟಿ, ಕೊಕ್ಕೆ ಇಲ್ಲದೆ ಹೋಗಬಾರದು. ನಮ್ಮಲ್ಲಿ ಎಷ್ಟು ಕಿಲೋಮೀಟರ್, ಎಷ್ಟು ಗಂಟೆ ಅಂತ ಮೊದಲು ಕೇಳುತ್ತೇವೆ. ಈ ಅಕ್ಷರಗಳು ಹೇಳುವುದು ಕಾಲಿನ ಕೆಳಗೆ ಏನಿದೆ, ಪಕ್ಕದಲ್ಲಿ ಏನಿಲ್ಲ ಅನ್ನುವುದನ್ನು. ಅಪ್ಪನ ಉಸಿರಿಗೆ ಇಇ ಕಷ್ಟವೇ ಅಲ್ಲ. ಕಣ್ಣಿಗೆ ಕಷ್ಟ.

ಅಮ್ಮ ಟಿ ದಾರಿ ಹಿಡಿದರು. ರಿಫ್ಯೂಜಿಯೊದಿಂದ ಪಿಕ್ಕೊಲೊ ಲಗಾಟ್ಸುವೊಯ್ ಶಿಖರಕ್ಕೆ ಅಗಲವಾದ ದಾರಿ, ನಿಧಾನವಾಗಿ ನಡೆದರೂ ಅರ್ಧ ಗಂಟೆ ಸಾಕು. 2,778 ಮೀಟರಿನ ತುದಿಯಲ್ಲಿ ಮರದ ದೊಡ್ಡ ಶಿಲುಬೆ ಇದೆ. ಪೂರ್ವಕ್ಕೆ ತೊಫಾನಾ ದಿ ರೋಜೆಸ್ ಶಿಖರದ ಬಂಡೆಗೋಡೆ. ದಕ್ಷಿಣಕ್ಕೆ ಡೊಲೊಮೈಟ್ಸ್‌ನ ಅತಿ ಎತ್ತರದ ಮಾರ್ಮೊಲಾಡಾ, 3,343 ಮೀಟರ್. ಅದರ ಹಿಮನದಿ ಈಗ ಹರಿದ ಬಿಳಿ ಬಟ್ಟೆಯಷ್ಟೇ ಉಳಿದಿದೆ. 2022ರ ಜುಲೈ 3ರಂದು ಅದರ ಒಂದು ಭಾಗ ಕುಸಿದು 11 ಜನ ಸತ್ತರು. ಭಾವ ಇದನ್ನು ಹೇಳಿದಾಗ ಅಮ್ಮ, “ಅಳಿಯಂದ್ರೇ, ನೀವು ಆ ಕಡೆಗೆಲ್ಲ ಹೋಗ್ಬೇಡಿ” ಅಂದರು. ಭಾವ ತಲೆಯಾಡಿಸಿದರು. ಅವರು ಮರುದಿನ ಹೋಗಲಿದ್ದ ಜಾಗ ಯಾವುದು ಅಂತ ಅಮ್ಮನಿಗೆ ಇನ್ನೂ ಹೇಳಿರಲಿಲ್ಲ.

ಅಪ್ಪ, ಅಕ್ಕ ಇ ದಾರಿಯಲ್ಲಿ ಫಲ್ಜಾರೆಗೊಗೆ ಇಳಿದರು. ಮೊದಲು ಫೊರ್ಚೆಲ್ಲಾ ಲಗಾಟ್ಸುವೊಯ್ ಎಂಬ ಕಣಿವೆಬಾಯಿ, ಆಮೇಲೆ ಫೊರ್ಚೆಲ್ಲಾ ತ್ರವೆನಾಂಜೆಸ್, ಅಲ್ಲಿಂದ ಕೆಳಗೆ. ಸುಮಾರು ಎರಡು ಗಂಟೆ. ದಾರಿಯುದ್ದಕ್ಕೂ ಕಲ್ಲುಗಳ ಮೇಲೆ ಕೆಂಪು-ಬಿಳಿ ಪಟ್ಟಿ, ಜೊತೆಗೆ ದಾರಿಯ ನಂಬರ್. ತಪ್ಪುವುದು ಕಷ್ಟ. ನೋಟ ಚೆನ್ನಾಗಿದೆ, ಆದರೆ ಸ್ವಲ್ಪ ದೂರ ಚಳಿಗಾಲದ ಸ್ಕೀ ದಾರಿಯ ಮೇಲೇ ನಡೆಯಬೇಕು. ಬರೀ ಜಲ್ಲಿ. ಕೈಯಲ್ಲಿ ಕೋಲು ಇಲ್ಲದಿದ್ದರೆ ಮಂಡಿಗಳು ಮಾತಾಡುತ್ತವೆ.

ನನ್ನ ಪಾಲಿಗೆ ಬಂದದ್ದು ಯುದ್ಧದ ದಾರಿ. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ.

ಮೊದಲ ಮಹಾಯುದ್ಧದಲ್ಲಿ ಈ ಬೆಟ್ಟದ ತಲೆ ಆಸ್ಟ್ರಿಯಾ-ಹಂಗೆರಿಯ ಸೈನಿಕರ ಕೈಲಿತ್ತು. 1915ರ ಅಕ್ಟೋಬರಿನಲ್ಲಿ ಇಟಲಿಯವರು ರಾತ್ರಿ ಹತ್ತಿ, ಗೋಡೆಯ ನಡುಮಧ್ಯದ ಒಂದು ಅಂಚನ್ನು ಹಿಡಿದು ಕೂತರು. ಅದಕ್ಕೆ ಈಗಲೂ ಚೆಂಜಿಯಾ ಮಾರ್ತಿನಿ ಅಂತಲೇ ಹೆಸರು, ಅವರ ಅಧಿಕಾರಿ ಮಾರ್ತಿನಿಯದು. ಮೇಲಿನವರಿಗೆ ಅವರನ್ನು ಕೆಳಗೆ ದೂಡಲು ಆಗಲಿಲ್ಲ. ಇವರಿಗೆ ಮೇಲೆ ಹತ್ತಲು ಆಗಲಿಲ್ಲ. ಕೊನೆಗೆ ಇಬ್ಬರೂ ಬೆಟ್ಟದ ಹೊಟ್ಟೆ ಕೊರೆಯಲು ಶುರು ಮಾಡಿದರು. ಎದುರಾಳಿಯ ಕಾಲಕೆಳಗೆ ಸುರಂಗ, ಅದರ ತುದಿಯಲ್ಲಿ ಸಿಡಿಮದ್ದು. ಇಟಲಿಯವರು 1917ರ ಜೂನ್ 20ರಂದು ಸುಮಾರು 33 ಟನ್ ಸಿಡಿಮದ್ದು ಸ್ಫೋಟಿಸಿದರು. ಬೆಟ್ಟದ ಒಂದು ತುಂಡೇ ಜಾರಿ ಬಿತ್ತು. ಹಾಗೆ ಸಿಡಿದು ಬಿದ್ದ ಕಲ್ಲಿನ ರಾಶಿ ಇವತ್ತಿಗೂ ಕೇಬಲ್ ಕಾರಿನಿಂದ ಕಾಣುತ್ತದೆ. ಅದೇ ವರ್ಷ ಕಪೊರೆಟ್ಟೊದಲ್ಲಿ ಸೋತ ಮೇಲೆ ಇಟಲಿ ಸೈನ್ಯ ಈ ಗಡಿಯನ್ನೇ ಬಿಟ್ಟು ಹಿಂದೆ ಸರಿಯಿತು. ಎರಡು ವರ್ಷ ಕೊರೆದದ್ದು ಸುಮ್ನೆ ಹೋಯಿತು.

ಆ ಸುರಂಗದೊಳಗೆ ಈಗ ಚಾರಣಿಗರು ಇಳಿಯುತ್ತಾರೆ. ಉದ್ದ ಒಂದು ಕಿಲೋಮೀಟರಿಗೂ ಜಾಸ್ತಿ. ಕಡಿದಾದ ಮೆಟ್ಟಿಲು, ಕೈಗೆ ಉಕ್ಕಿನ ಹಗ್ಗ, ಮೇಲಿನಿಂದ ತೊಟ್ಟಿಕ್ಕುವ ನೀರು. ಹೆಲ್ಮೆಟ್, ತಲೆಗೆ ಕಟ್ಟುವ ಟಾರ್ಚ್ ಕಡ್ಡಾಯ ಅಂತಲೇ ತಿಳಿಯಿರಿ. ಆಗಸ್ಟಿನಲ್ಲೂ ಒಳಗೆ ಕೊರೆಯುವ ಚಳಿ. ನಡುನಡುವೆ ಗುಂಡು ಹಾರಿಸುವ ಕಿಂಡಿಗಳು ಬರುತ್ತವೆ. ಬಗ್ಗಿ ನೋಡಿದರೆ ಕೆಳಗೆ ಫಲ್ಜಾರೆಗೊ ರಸ್ತೆ, ಅದರ ಮೇಲೆ ಬೈಕುಗಳ ಸಾಲು. ಸೈನಿಕರು ಮಲಗುತ್ತಿದ್ದ ಕೋಣೆಗಳನ್ನು ಮರದ ಹಲಗೆ ಹಾಕಿ ಮತ್ತೆ ಕಟ್ಟಿದ್ದಾರೆ. ವಿವರದ ಫಲಕಗಳೂ ಇವೆ. ಓದುತ್ತಾ ನಿಂತರೆ ಹಿಂದೆ ಕ್ಯೂ ಆಗುತ್ತದೆ.

ಕೆಳಗೆ ಬಂದ ಮೇಲೆ ಕೈಸರ್‌ಯೇಗರ್ ದಾರಿ ಹಿಡಿದು ಮತ್ತೆ ಹತ್ತಿದೆ. ಇದು ಆಸ್ಟ್ರಿಯಾದ ಸೈನಿಕರು ಗೋಡೆಯ ಮೇಲೆ ಮಾಡಿಕೊಂಡಿದ್ದ ದಾರಿ. ಆರಂಭದಲ್ಲೇ ಬಿರುಕಿನ ಮೇಲೆ ಮರದ ಹಲಗೆಗಳ ತೂಗುಸೇತುವೆ. ಆಮೇಲೆ ಕಿರಿದಾದ ಅಂಚುಗಳು, ಅಲ್ಲಲ್ಲಿ ಹಗ್ಗ. ನನ್ನನ್ನು ಕೇಳಿದರೆ ಇದನ್ನು ಹತ್ತಿ, ಸುರಂಗದಲ್ಲಿ ಇಳಿಯುವುದೇ ಸರಿಯಾದ ಕ್ರಮ. ಬಯಲಿನ ಅಂಚನ್ನು ಮೇಲ್ಮುಖವಾಗಿ ದಾಟುವುದು ಸುಲಭ, ಕಣ್ಣು ಬಂಡೆಯ ಮೇಲಿರುತ್ತದೆ. ಅವತ್ತು ಮೇಲಿಂದ ಹೊರಟಿದ್ದರಿಂದ ನನಗೆ ಉಲ್ಟಾ ಆಯಿತು. ಅಪ್ಪ ಕೆಳಗಿನ ನಿಲ್ದಾಣದಲ್ಲಿ ಕಾಫಿ ಕುಡಿಯುತ್ತಾ ಆ ಗೋಡೆ ನೋಡಿ, “ನಾನು ಈ ಕಡೆ ಬರಲ್ಲಪ್ಪ” ಅಂತ ಹೇಳಿ ಕೇಬಲ್ ಕಾರಿಗೆ ಟಿಕೆಟ್ ತೆಗೆದುಕೊಂಡರು.

ರಾತ್ರಿ ಎಲ್ಲರೂ ಮೇಲೆಯೇ ಉಳಿದೆವು. ಹಾಸಿಗೆ, ಕಂಬಳಿ ಅಲ್ಲೇ ಇರುತ್ತದೆ, ಒಳಗೆ ಹೊದೆಯುವ ಬಟ್ಟೆಯ ಚೀಲ ನಾವು ಒಯ್ಯಬೇಕು. ಬೇಸಿಗೆಯಲ್ಲಿ ತಿಂಗಳುಗಳ ಮೊದಲೇ ಬುಕ್ ಮಾಡದಿದ್ದರೆ ಜಾಗ ಸಿಗುವುದಿಲ್ಲ, ಯಾಕೆಂದರೆ ಬ್ರಾಯೆಸ್ ಸರೋವರದಿಂದ ಬೆಲ್ಲೂನೊ ಕಡೆಗೆ ಹೋಗುವ ಅಲ್ತಾ ವಿಯಾ 1 ಎಂಬ ಉದ್ದದ ಚಾರಣದವರೂ ಇಲ್ಲೇ ತಂಗುತ್ತಾರೆ. ಸಸ್ಯಾಹಾರಿಗಳು ಹೆದರಬೇಕಿಲ್ಲ. ಕೊರ್ಟಿನಾ ಕಡೆಯ ಕಾಸುಂಟ್ಸಿಯೆ ಸಿಕ್ಕಿತು: ಒಳಗೆ ಬೀಟ್‌ರೂಟ್ ಹೂರಣ, ಮೇಲೆ ಕರಗಿದ ಬೆಣ್ಣೆ, ಗಸಗಸೆ. ಆಕಾರ ಥೇಟ್ ಕರ್ಜಿಕಾಯಿ. ಅಮ್ಮ ಎರಡನೇ ಸಲ ಹಾಕಿಸಿಕೊಂಡರು.

ಬೆಳಗಿನ ಜಾವ ಭಾವ ಗೆಳೆಯನೊಬ್ಬನ ಜೊತೆ ಇಇಎ ದಾರಿಗೆ ಹೊರಟರು. 2,980 ಮೀಟರಿನ ದಕ್ಷಿಣ ಫಾನಿಸ್ ಶಿಖರಕ್ಕೆ ಹೋಗುವ ತೊಮಾಸೆಲ್ಲಿ ವಿಯಾ ಫೆರ್ರಾಟಾ. ಬಂಡೆಗೆ ಬಿಗಿದ ಉಕ್ಕಿನ ಹಗ್ಗಕ್ಕೆ ಎರಡು ಕೊಕ್ಕೆ ಹಾಕಿ, ಪ್ರತಿ ಮೊಳೆಯ ಹತ್ತಿರ ಒಂದೊಂದನ್ನೇ ದಾಟಿಸುತ್ತಾ ಹತ್ತಬೇಕು. ಡೊಲೊಮೈಟ್ಸ್‌ನ ಕಷ್ಟದ ಫೆರ್ರಾಟಾಗಳಲ್ಲಿ ಇದೂ ಒಂದು. ಇಳಿಯುವ ಕಡೆಯೂ ಹಗ್ಗವೇ ಗತಿ. ಅಷ್ಟು ಬೇಗ ಯಾಕೆ ಅಂದರೆ, ಬೇಸಿಗೆಯಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಮಳೆ ಸಾಮಾನ್ಯ. ಮಿಂಚು ಹೊಡೆಯುವಾಗ ಉಕ್ಕಿನ ಹಗ್ಗ ಹಿಡಿದು ನಿಲ್ಲುವಂತಿಲ್ಲ, ಅಲ್ವಾ? ತೊಂದರೆಯಾದರೆ 112ಕ್ಕೆ ಫೋನ್ ಮಾಡಬೇಕು. ಗಾಯವಿಲ್ಲದೆ ಸುಮ್ನೆ ಸಿಕ್ಕಿಹಾಕಿಕೊಂಡವರಿಗೆ ವೆನೆಟೊ ಪ್ರಾಂತ್ಯದಲ್ಲಿ ಹೆಲಿಕಾಪ್ಟರ್ ಬಿಲ್ ಬರುತ್ತದೆ.

ಅಕ್ಕ, ನಾನು ಉತ್ತರದ ಕಡೆ ಇಳಿದೆವು. ಇದೂ ಇ ದಾರಿಯೇ, ನಿನ್ನೆ ಅವಳು ಇಳಿದದ್ದಕ್ಕಿಂತ ಉದ್ದ, ಅದಕ್ಕಿಂತ ಚೆಂದ. ಕಣಿವೆಬಾಯಿ ದಾಟಿದ ಮೇಲೆ ಜನ ಕಡಿಮೆ. ಲಗಾಟ್ಸುವೊಯ್ ಸರೋವರ, ಆಮೇಲೆ ಸ್ಕೊಟೋನಿ ರಿಫ್ಯೂಜಿಯೊ, ಕೊನೆಗೆ ಕಾಡಿನ ಅಂಚಿನ ಕಾಪಾನ್ನಾ ಅಲ್ಪೀನಾ. ಸಾವಿರ ಮೀಟರ್ ಇಳಿತ. ಸ್ಕೊಟೋನಿಯಿಂದ ಕೆಳಗಿನ ಭಾಗ ತೀರಾ ಕಡಿದು. ಚಳಿಗಾಲದಲ್ಲಿ ಈ ಕಣಿವೆಯಲ್ಲಿ ಸ್ಕೀ ಮಾಡಿ ಬಂದವರನ್ನು ಕುದುರೆ ಬಂಡಿಗೆ ಕಟ್ಟಿದ ಉದ್ದ ಹಗ್ಗದಿಂದ ಸಾಲಾಗಿ ಎಳೆದೊಯ್ಯುತ್ತಾರೆ.

ಸಂಜೆ ಭಾವ ಅಪ್ಪ ಅಮ್ಮನನ್ನು ಕಾರಿನಲ್ಲಿ ಕೂರಿಸಿಕೊಂಡು ವಲ್ಪರೋಲಾ ಪಾಸ್ ದಾಟಿ ಬಂದರು. ಮೊಣಕೈ ತರಚಿತ್ತು. ಅಮ್ಮನ ವಿಚಾರಣೆ ಅದಾಗಲೇ ಮುಗಿದಿತ್ತು ಅಂತ ಮುಖ ನೋಡಿದರೆ ಗೊತ್ತಾಗುತ್ತಿತ್ತು.