ಮೊದಲು ತುಕ್ಕು, ಆಮೇಲೆ ಎಂಜಿನ್

ಹಳೇ ಸ್ಪೋರ್ಟ್ಸ್ ಕಾರು ನೋಡೋಕೆ ಹೋದಾಗ ಬಾನೆಟ್ ಎತ್ತೋಕೆ ಅವಸರ ಮಾಡಬೇಡಿ. ನೆಲಕ್ಕೆ ಮಂಡಿಯೂರಿ ಕೂತು, ಬಾಗಿಲ ಕೆಳಗೆ ಉದ್ದಕ್ಕೆ ಹೋಗೋ ಪಟ್ಟಿ ಹಿಂದಿನ ಚಕ್ರದ ಹತ್ತಿರ ಮುಗಿಯುತ್ತಲ್ಲ, ಆ ಕೊನೇ ಒಂದಡಿ ನೋಡಿ. ಅಲ್ಲಿ ಬಣ್ಣ ಗುಳ್ಳೆ ಎದ್ದಿದ್ದರೆ, ಎಂಜಿನ್ ಎಷ್ಟೇ ಚೆನ್ನಾಗಿ ಓಡ್ತಾ ಇರಲಿ, ಮಾರುವವರಿಗೆ ಥ್ಯಾಂಕ್ಸ್ ಹೇಳಿ ವಾಪಸ್ ಬನ್ನಿ. ಹಳೇ ಕಾರು ಕೊಂಡು ತಾವೇ ರಿಪೇರಿ ಮಾಡೋ ಕೆಲಸಕ್ಕೆ ಹೊಸದಾಗಿ ಇಳಿಯೋರು ನನ್ನನ್ನು ಏನೇ ಕೇಳಿದರೂ ನಾನು ಶುರು ಮಾಡೋದು ಇಲ್ಲಿಂದಲೇ.

ನನ್ನದು 1996ರ ಮಜ್ದಾ ಮಿಯಾಟಾ. ಮಿಯಾಟಾ ಅನ್ನೋದು ಅಮೆರಿಕದ ಹೆಸರು, ಬೇರೆ ಬಹಳ ದೇಶಗಳಲ್ಲಿ ಇದಕ್ಕೆ ಎಂಎಕ್ಸ್-5 ಅಂತ ಹೆಸರು. ಎರಡೇ ಸೀಟು, ಕೈಯಲ್ಲೇ ಹಿಂದಕ್ಕೆ ಮಡಚೋ ಟಾಪ್, ಸ್ವಿಚ್ ಒತ್ತಿದರೆ ಮೇಲಕ್ಕೇಳೋ ಹೆಡ್‌ಲೈಟು, ಐದು ಗೇರು. 1.8 ಲೀಟರ್ ಎಂಜಿನ್, 133 ಅಶ್ವಶಕ್ತಿ. ಇವತ್ತಿನ ಎಷ್ಟೋ ಮಾಮೂಲಿ ಸೆಡಾನ್‌ಗಳಿಗೆ ಇದಕ್ಕಿಂತ ಜಾಸ್ತಿ ಶಕ್ತಿ ಇರುತ್ತೆ. ಆದರೆ ಇದರ ತೂಕ ಒಂದು ಟನ್ನಿನ ಆಸುಪಾಸು ಅಷ್ಟೇ, ಎಂಜಿನ್ ಮುಂದೆ, ಶಕ್ತಿ ಹೋಗೋದು ಹಿಂದಿನ ಚಕ್ರಕ್ಕೆ. ತಿರುವಿನಲ್ಲಿ ಸ್ಟೀರಿಂಗ್ ಸ್ವಲ್ಪ ತಿರುಗಿಸಿದರೆ ಸಾಕು, ಇಡೀ ಕಾರು ಆ ಕ್ಷಣಕ್ಕೇ ತಿರುಗುತ್ತೆ. ಅದಕ್ಕೆ ವೇಗದ ಮಿತಿ ದಾಟಬೇಕಾಗಿಲ್ಲ. ಗಂಟೆಗೆ ನಲವತ್ತು ಮೈಲಿಯಲ್ಲೇ ಆ ಸುಖ ಸಿಗುತ್ತೆ.

ನಾನು ಹಾಸನದವಳು, ಈಗ ನಾರ್ತ್ ಕ್ಯಾರೊಲಿನಾದ ಕ್ಯಾರಿಯಲ್ಲಿದ್ದೀನಿ. ಕಾರು ಕಲಿತದ್ದು ಊರಲ್ಲಿ, ಮಾರುತಿ 800ರಲ್ಲಿ. ಹಾಗಾಗಿ ಕ್ಲಚ್ಚು ಗೇರು ಹೊಸದಲ್ಲ, ಎಡಗೈ ಕೆಲಸ ಬಲಗೈಗೆ ಬಂತು ಅಷ್ಟೇ. ಇಲ್ಲಿನವರಲ್ಲಿ ಬಹಳ ಜನಕ್ಕೆ ಮ್ಯಾನುಯಲ್ ಗೇರು ಓಡಿಸೋಕೆ ಬರೋಲ್ಲ. ನಮ್ಮ ಕಡೆಯಿಂದ ಬಂದವರಿಗೆ ಇದೊಂದು ಅನುಕೂಲ, ಬಳಸಿಕೊಳ್ಳಿ. ಆದರೆ ಓಡಿಸೋದು ಬೇರೆ, ಪಾನಾ ಹಿಡಿಯೋದು ಬೇರೆ. ಊರಲ್ಲಿ ಕಾರು ಕೆಟ್ಟರೆ ಮೆಕ್ಯಾನಿಕ್ ಮನೆಗೇ ಬರ್ತಿದ್ದರು. ನಾವು ಕಾಫಿ ಕೊಟ್ಟು ನೋಡ್ತಾ ನಿಲ್ತಿದ್ವಿ. ಇಲ್ಲಿ ಗ್ಯಾರೇಜಿನ ಕೂಲಿ ಎಷ್ಟು ದುಬಾರಿ ಅಂದರೆ, ಹಳೇ ಕಾರು ಇಟ್ಕೋಬೇಕು ಅನ್ನೋರು ಕೆಲಸ ಕಲೀಲೇಬೇಕು. ನನಗೂ ಅದೇ ಬೇಕಾಗಿತ್ತು. ದಿನವಿಡೀ ಪರದೆ ಮುಂದೆ ಕೂರೋಳಿಗೆ, ಬಿಚ್ಚಿದರೆ ಬಿಚ್ಚಿಕೊಳ್ಳೋ, ಬಿಗಿ ಮಾಡಿದರೆ ಬಿಗಿಯಾಗೋ ಒಂದು ವಸ್ತು ಬೇಕು ಅಂತ ತುಂಬಾ ಆಸೆಯಿತ್ತು.

ಮಿಯಾಟಾನೇ ಯಾಕೆ? ಅರವತ್ತು ಎಪ್ಪತ್ತರ ದಶಕದಲ್ಲಿ ಎಂಜಿ, ಟ್ರಯಂಫ್, ಲೋಟಸ್ ಅಂತ ಬ್ರಿಟನ್ನಿನವರು ಇಂಥ ಪುಟ್ಟ ಓಪನ್ ಕಾರುಗಳನ್ನು ಮಾಡ್ತಿದ್ದರು. ಓಡಿಸೋಕೆ ಚೆಂದ, ಆದರೆ ಆಯಿಲ್ ಸೋರೋದು, ವೈರಿಂಗ್ ಕೈಕೊಡೋದು ತಪ್ಪುತ್ತಿರಲಿಲ್ಲ. 1980ಕ್ಕೆ ಎಂಜಿಯವರ ಎಂಜಿಬಿ ಕಾರಿನ ತಯಾರಿಕೆಯೂ ನಿಂತಿತು. ಆ ಜಾಗಕ್ಕೆ 1989ರ ಫೆಬ್ರವರಿಯಲ್ಲಿ ಶಿಕಾಗೋ ಆಟೋ ಶೋನಲ್ಲಿ ಮಜ್ದಾ ಈ ಕಾರನ್ನು ತಂದಿಟ್ಟಿತು. ಅದೇ ಹಳೇ ಆಸೆ, ಆದರೆ ಒಳಗಿರೋದು ಮಜ್ದಾದ ಫ್ಯಾಮಿಲಿ ಕಾರುಗಳ ವಂಶದ, ಬೆಳಗ್ಗೆ ಎದ್ದರೆ ಸ್ಟಾರ್ಟ್ ಆಗೋ ಎಂಜಿನ್. 2016ರ ಹೊತ್ತಿಗೆ ಹತ್ತು ಲಕ್ಷ ಮಿಯಾಟಾಗಳು ತಯಾರಾಗಿದ್ದವು. ಕಲಿಯೋರಿಗೆ ಈ ಸಂಖ್ಯೆಯೇ ದೊಡ್ಡ ಬಲ. ಇಷ್ಟು ಕಾರುಗಳಿರೋದರಿಂದ ಹೊಸ ಬಿಡಿಭಾಗ ಸಿಗುತ್ತೆ, ಗುಜರಿಯಲ್ಲಿ ಹಳೇದೂ ಸಿಗುತ್ತೆ, ಮತ್ತೆ ನಿಮಗೆ ಬಂದ ತೊಂದರೆ ಈಗಾಗಲೇ ಇನ್ಯಾರಿಗೋ ಬಂದು ಸರಿಯಾಗಿರುತ್ತೆ.

ಈಗ ತುಕ್ಕಿನ ವಿಷಯ. ಮಳೆ ಬಂದಾಗ ಟಾಪಿನ ಮೇಲೆ ಬಿದ್ದ ನೀರು ಹಿಂದಕ್ಕೆ ಹರಿದು, ಸೀಟಿನ ಹಿಂದೆ ಎರಡೂ ಪಕ್ಕ ಇರೋ ತೂತುಗಳಿಗೆ ಇಳಿದು, ಹಿಂದಿನ ಚಕ್ರದ ಮುಂದೆ ಕೆಳಗೆ ಹೊರಗೆ ಬರಬೇಕು. ಎಲೆ, ಧೂಳು ಸೇರಿ ಆ ದಾರಿ ಕಟ್ಟಿಕೊಂಡರೆ ನೀರು ಒಳಗೇ ನಿಲ್ಲುತ್ತೆ, ಬಾಗಿಲ ಕೆಳಗಿನ ಪಟ್ಟಿ ಒಳಗಿಂದ ಹೊರಗೆ ಕೊಳೆಯೋಕೆ ಶುರುವಾಗುತ್ತೆ. ಹೊರಗೆ ಗುಳ್ಳೆ ಕಾಣೋ ಹೊತ್ತಿಗೆ ಒಳಗೆ ತಗಡು ಉಳಿದಿರೋಲ್ಲ. ಕತ್ತರಿಸಿ, ಹೊಸ ತಗಡು ವೆಲ್ಡ್ ಮಾಡಿ, ಟಿಂಕರಿಂಗ್ ಮಾಡಿ, ಪೇಂಟ್ ಹೊಡೀಬೇಕು. ಅದು ವರ್ಷಗಟ್ಟಲೆ ಕೈ ಪಳಗಿದವರ ಕೆಲಸ, ಖರ್ಚು ಕಾರಿನ ಬೆಲೆಯನ್ನೇ ಮೀರಬಹುದು. ಕ್ಲಚ್ಚು, ಬ್ರೇಕು, ಆಯಿಲ್ ಲೀಕು ಹಾಗಲ್ಲ. ಅವೆಲ್ಲ ಬೋಲ್ಟು ಬಿಚ್ಚಿ ಕೂರಿಸೋ ಕೆಲಸ, ಪುಸ್ತಕ ನೋಡಿ ಕಲಿಯಬಹುದು.

ನಾನು ಮೊದಲು ನೋಡಿದ್ದು ಕೆಂಪು ಬಣ್ಣದ 1992ರ ಗಾಡಿ. ಪಾಲಿಷ್ ಹಾಕಿ ಫಳಫಳ ಅಂತಿತ್ತು. ಫ್ರಿಜ್ಜಿಗೆ ಅಂಟಿಸೋ ಚಪ್ಪಟೆ ಅಯಸ್ಕಾಂತವನ್ನು ಬಟ್ಟೆಯಲ್ಲಿ ಸುತ್ತಿ ತಗೊಂಡು ಹೋಗಿದ್ದೆ. ಬಾಗಿಲಿಗೆ ಹಿಡಿದಿತು, ಮುಂದಿನ ಫೆಂಡರಿಗೆ ಹಿಡಿದಿತು. ಕೆಳಗಿನ ಪಟ್ಟಿಯ ಮೇಲೆ ಹಿಂದಕ್ಕೆ ಜರುಗಿಸ್ತಾ ಹೋದ ಹಾಗೆ ಹಿಡಿತ ಸಡಿಲಾಗಿ, ಚಕ್ರದ ಹತ್ತಿರ ತೊಪ್ಪನೆ ಬಿತ್ತು. ಅಲ್ಲಿದ್ದದ್ದು ತಗಡಲ್ಲ, ಪುಟ್ಟಿ. ಸೀಟಿನ ಹಿಂದಿನ ಕಾರ್ಪೆಟ್ ಮುಟ್ಟಿದರೆ ಬೆರಳಿಗೆ ಒದ್ದೆ ತಾಗಿತು. ಎಂಜಿನ್ ಮಾತ್ರ ಅಮೋಘವಾಗಿತ್ತು. ಬಿಟ್ಟು ಬಂದೆ, ಬಂದದ್ದಕ್ಕೆ ಇವತ್ತಿಗೂ ಖುಷಿಯಿದೆ.

ಈಗ ನನ್ನ ಹತ್ತಿರ ಇರೋ ಬಿಳಿ ಕಾರು ನೋಡೋಕೆ ಏನೂ ಚೆನ್ನಾಗಿರಲಿಲ್ಲ. ಟಾಪ್ ಹರಿದಿತ್ತು, ಹಿಂದಿನ ಪ್ಲಾಸ್ಟಿಕ್ ಕಿಟಕಿ ಹಳದಿಯಾಗಿ ಆಚೆ ಏನೂ ಕಾಣ್ತಿರಲಿಲ್ಲ. ಸ್ಟಾರ್ಟ್ ಮಾಡಿದಾಗ ಟಕಟಕ ಸದ್ದು ಬಂತು, ಎಂಜಿನ್ ಬಿಸಿಯಾಗ್ತಾ ಆ ಸದ್ದು ನಿಂತಿತು. ಅದು ಈ ಎಂಜಿನ್ನಿನ ಹೈಡ್ರಾಲಿಕ್ ಲಿಫ್ಟರ್‌ಗಳ, ಅಂದರೆ ವಾಲ್ವ್‌ಗಳ ಸಂದು ಸರಿಹೊಂದಿಸೋ ಪುಟ್ಟ ಭಾಗಗಳ ಗುಣ, ಆಯಿಲ್ ತುಂಬಿಕೊಂಡರೆ ಸುಮ್ಮನಾಗುತ್ತವೆ. ಕ್ಲಚ್ ಪೆಡಲ್ ಒತ್ತಿದರೆ ನೆಲಕ್ಕೆ ಅಂಟಿಕೊಂಡು ಅಲ್ಲೇ ಉಳೀತಿತ್ತು. ಗೇರ್‌ಬಾಕ್ಸ್ ಕೆಳಗೆ ಆಯಿಲ್ ಜಿನುಗಿತ್ತು. ಆದರೆ ಅಯಸ್ಕಾಂತ ಎರಡೂ ಕಡೆ ಕೊನೇವರೆಗೆ ಬಿಗಿಯಾಗಿ ಹಿಡಿದಿತು, ಕಾರ್ಪೆಟ್ ಒಣಗಿತ್ತು. ಮಾಲೀಕರು ವಯಸ್ಸಾದ ರಿಟೈರ್ಡ್ ಮೇಷ್ಟ್ರು, ಸದಾ ಶೆಡ್ಡಲ್ಲೇ ಇಟ್ಟಿದ್ದರು.

"ಪೆಡಲ್ ನಾಲ್ಕೈದು ಸಲ ಪಂಪ್ ಮಾಡಮ್ಮ, ಗೇರ್ ಬೀಳುತ್ತೆ" ಅಂದರು. ಹಾಗೆ ಮಾಡಿದಾಗ ನಿಜವಾಗಿ ಬಿತ್ತು. ಇದನ್ನು ಗಮನಿಸಿ. ಪಂಪ್ ಮಾಡಿದಾಗ ಕ್ಲಚ್ ಕೆಲಸ ಮಾಡಿತು ಅಂದರೆ ತೊಂದರೆ ಇರೋದು ಕ್ಲಚ್ ಪ್ಲೇಟಿನಲ್ಲಲ್ಲ, ಪೆಡಲಿನ ಒತ್ತಡವನ್ನು ಫ್ಲೂಯಿಡ್ ಮೂಲಕ ಅಲ್ಲಿಗೆ ಮುಟ್ಟಿಸೋ ಹೈಡ್ರಾಲಿಕ್ಕಿನಲ್ಲಿ. ರಸ್ತೆಗೆ ತಗೊಂಡು ಹೋಗಿ ನಾಲ್ಕನೇ ಗೇರಲ್ಲಿ ನಿಧಾನ ಹೋಗ್ತಾ ಆಕ್ಸಿಲರೇಟರ್ ಪೂರ್ತಿ ಒತ್ತಿದೆ. ಆರ್‌ಪಿಎಂ ಸುಮ್ಮನೆ ಮೇಲೇರಲಿಲ್ಲ, ಕಾರಿನ ವೇಗದ ಜೊತೆಯೇ ಏರಿತು. ಪ್ಲೇಟ್ ಜಾರ್ತಾ ಇಲ್ಲ ಅಂತ ಅರ್ಥ. 4,200 ಡಾಲರಿಗೆ ಮಾತಾಯಿತು. ಈ ರಾಜ್ಯದಲ್ಲಿ ಟೈಟಲ್, ಅಂದರೆ ಕಾರಿನ ಮಾಲೀಕತ್ವದ ಕಾಗದ, ವರ್ಗಾವಣೆಗೆ ಮಾರುವವರ ಸಹಿ ನೋಟರಿ ಎದುರಲ್ಲೇ ಆಗಬೇಕು. ಅವರ ಬ್ಯಾಂಕಿನಲ್ಲೇ ನೋಟರಿ ಇದ್ದರು, ದುಡ್ಡು ಕೊಟ್ಟು ಕಾಗದ ಕೈಗೆ ತಗೊಂಡೆ. ಕಾಗದ ಸರಿಯಿಲ್ಲದ ಗಾಡಿಯನ್ನು ಬಿಟ್ಟಿ ಕೊಟ್ಟರೂ ತಗೋಬೇಡಿ.

ಮೊದಲ ಕೆಲಸ ಕ್ಲಚ್ಚು. ಗೇರ್‌ಬಾಕ್ಸಿನ ಬಲ ಪಕ್ಕಕ್ಕೆ ಸ್ಲೇವ್ ಸಿಲಿಂಡರ್ ಅಂತ ಹೆಬ್ಬೆರಳು ಗಾತ್ರಕ್ಕಿಂತ ಸ್ವಲ್ಪ ದಪ್ಪದ ಭಾಗವೊಂದಿದೆ, ಪೆಡಲಿಂದ ಬಂದ ಒತ್ತಡದಲ್ಲಿ ಕ್ಲಚ್ಚನ್ನು ಬಿಡಿಸೋದು ಅದೇ. ಈ ಕಾರುಗಳಲ್ಲಿ ಅದು ಸೋರೋದು ಮಾಮೂಲು. ಕಾರನ್ನು ಜಾಕಿಯಲ್ಲಿ ಎತ್ತಿ, ಸ್ಟ್ಯಾಂಡ್ ಮೇಲೆ ಕೂರಿಸಿ, ಕೈಯಿಂದ ಜೋರಾಗಿ ಅಲ್ಲಾಡಿಸಿ ನೋಡಿದ ಮೇಲೇ ಕೆಳಗೆ ಹೋದೆ. ಬರೀ ಜಾಕಿ ನಂಬಿ ಯಾವತ್ತೂ ಕಾರಿನ ಅಡಿಗೆ ಹೋಗಬೇಡಿ, ದಯವಿಟ್ಟು. ಜಾಕಿ ಇರೋದು ಎತ್ತೋದಕ್ಕೆ, ಹೊತ್ತು ನಿಲ್ಲೋದಕ್ಕಲ್ಲ.

ಸ್ಲೇವ್ ಸಿಲಿಂಡರಿನ ಬಾಯಿಗೆ ರಬ್ಬರಿನ ಟೋಪಿ ಥರ ಒಂದು ಬೂಟ್ ಇರುತ್ತೆ. ಅದರ ಅಂಚನ್ನು ಉಗುರಿನಲ್ಲಿ ಸ್ವಲ್ಪ ಎತ್ತಿದೆ. ಕಪ್ಪು ನೀರು ಮೊಣಕೈವರೆಗೆ ಇಳಿಯಿತು. ಕ್ಲಚ್ಚಿಗೂ ಹಾಕೋದು ಬ್ರೇಕ್ ಫ್ಲೂಯಿಡ್ಡೇ. ಹೊಸದಿದ್ದಾಗ ಅದು ಜೇನಿನ ಬಣ್ಣಕ್ಕಿರುತ್ತೆ, ಇದು ಕಾಡಿಗೆಯಾಗಿತ್ತು. ಒಳಗಿನ ರಬ್ಬರ್ ಸೀಲ್ ಸವೆದು ಫ್ಲೂಯಿಡ್ ಈ ಕಡೆ ನುಗ್ತಿತ್ತು, ಪೆಡಲಿನ ಒತ್ತಡವೆಲ್ಲ ಇಲ್ಲೇ ಸೋರಿಹೋಗ್ತಿತ್ತು. ಪುಸ್ತಕದಲ್ಲಿ ಓದಿದ ಮಾತು ಕೈಮೇಲೇ ಹರಿದಾಗ ಎಷ್ಟು ಸಂತೋಷವಾಯಿತು ಅಂದರೆ ಒರೆಸಿಕೊಳ್ಳೋದನ್ನೂ ಬಿಟ್ಟು ನೋಡ್ತಾ ಇದ್ದೆ. (ಆಮೇಲೆ ಸೋಪಿನಲ್ಲಿ ಚೆನ್ನಾಗಿ ತೊಳ್ಕೊಳ್ಳಿ. ಬಾಡಿ ಮೇಲೆ ಬಿದ್ದರೆ ತಕ್ಷಣ ನೀರು ಹಾಕಿ, ಪೇಂಟ್ ತಿನ್ನುತ್ತೆ.) 12 ಎಂಎಂನ ಎರಡು ಬೋಲ್ಟು, ಒಂದು ಪೈಪಿನ ನಟ್ಟು, ಅಷ್ಟು ಬಿಚ್ಚಿದರೆ ಅದು ಕೈಗೆ ಬರುತ್ತೆ. ಪೆಡಲ್ ಕಡೆ ಇರೋ ಮಾಸ್ಟರ್ ಸಿಲಿಂಡರನ್ನೂ ಜೊತೆಗೇ ಬದಲಾಯಿಸಿದೆ. ಹಳೇ ಸೀಲಿಗೆ ಹೊಸ ಒತ್ತಡ ಬಿದ್ದರೆ ಅದೂ ಬೇಗ ಸೋರೋಕೆ ಶುರುವಾಗಬಹುದು. ಎರಡೂ ಸೇರಿ ಭಾಗಗಳಿಗೆ ನೂರು ಡಾಲರ್ ಕೂಡ ಆಗಲಿಲ್ಲ.

ಭಾಗ ಬಿಚ್ಚಿದಾಗ ಪೈಪಿಗೆ ಗಾಳಿ ಸೇರುತ್ತೆ, ಅದನ್ನು ತೆಗೆಯೋ ಕೆಲಸಕ್ಕೆ ಇಬ್ಬರು ಬೇಕು. ನಮ್ಮ ಮನೆಯವರು ಹುಬ್ಬಳ್ಳಿಯವರು, ಒಳಗೆ ಪೆಡಲ್ ಮೇಲೆ ಕಾಲಿಟ್ಟು ಕೂತರು. ನಾನು ಕೆಳಗೆ, ಬ್ಲೀಡರ್ ಅನ್ನೋ ಗಾಳಿ ಬಿಡೋ ನಟ್ಟಿನ ತುದಿಗೆ ಪಾರದರ್ಶಕ ಪೈಪು ಸಿಕ್ಕಿಸಿ ಬಾಟಲಿಗೆ ಬಿಟ್ಟಿದ್ದೆ.

"ಒತ್ರಿ."

"ಹಿಡದೇನಿ, ನೀ ತಿರುಗಸು."

ನಟ್ ಸಡಿಲಿಸಿದರೆ ಪೈಪಿನಲ್ಲಿ ಗುಳುಗುಳು ಅಂತ ಗುಳ್ಳೆ. ಬಿಗಿ ಮಾಡಿ "ಈಗ ಬಿಡ್ರಿ" ಅನ್ನೋದು, ಮತ್ತೆ ಒತ್ತಿಸೋದು. ನಡುನಡುವೆ ಮೇಲಿನ ಡಬ್ಬಿಗೆ ಫ್ಲೂಯಿಡ್ ತುಂಬಿಸ್ತಾ ಇರಬೇಕು, ಅದು ಖಾಲಿಯಾದರೆ ಮತ್ತೆ ಗಾಳಿ ನುಗ್ಗುತ್ತೆ. ಗುಳ್ಳೆ ಸಣ್ಣದಾಗ್ತಾ ಬಂದು, ಆಮೇಲೆ ಬರೀ ತಿಳಿ ಫ್ಲೂಯಿಡ್ ಬಂತು. "ಏ, ಪೆಡಲ್ ಗಟ್ಟಿ ಆತು ನೋಡು!" ಅಂತ ಅವರು ಒಳಗಿಂದ ಕೂಗಿದರು. ಅಲ್ಲಿಯವರೆಗೆ "ಈ ಕಾರ್ ಯಾಕ ಬೇಕಿತ್ತು" ಅಂತಿದ್ದವರೇ ಆವತ್ತು ಸಂಜೆ ಮೊದಲು ಕೀಲಿ ಕೈಗೆ ತಗೊಂಡರು.

ಗೇರ್‌ಬಾಕ್ಸ್ ಕೆಳಗಿನ ಆಯಿಲ್ ವಿಷಯಕ್ಕೆ ಒಂದು ಗ್ಯಾರೇಜಿನಲ್ಲಿ ಕೇಳಿದ್ದೆ. ಎಂಜಿನ್ನಿನ ಹಿಂದಿನ ಸೀಲ್ ಹೋಗಿರಬಹುದು, ಹಾಗಿದ್ದರೆ ಗೇರ್‌ಬಾಕ್ಸ್ ಇಳಿಸಬೇಕು ಅಂದರು. ಇರಬಹುದು, ಆದರೆ ಈ ಕಾರಿನಲ್ಲಿ ಮೊದಲು ನೋಡಬೇಕಾದ ಜಾಗ ಮೇಲಿದೆ. ಸಿಲಿಂಡರ್ ಹೆಡ್ಡಿನ ಹಿಂಭಾಗಕ್ಕೆ ಎಂಜಿನ್ ಎಷ್ಟು ತಿರುಗಿದೆ ಅಂತ ಕಂಪ್ಯೂಟರಿಗೆ ತಿಳಿಸೋ ಕ್ಯಾಮ್ ಆಂಗಲ್ ಸೆನ್ಸರ್ ಕೂತಿರುತ್ತೆ, ಅದರ ಸುತ್ತ ಒಂದು ರಬ್ಬರ್ ಓ-ರಿಂಗ್. ಅದು ವರ್ಷಗಳ ಬಿಸಿಗೆ ಗಟ್ಟಿಯಾಗಿ ಬಿರುಕು ಬಿಟ್ಟರೆ ಆಯಿಲ್ ಎಂಜಿನ್ನಿನ ಬೆನ್ನಗುಂಟ ಇಳಿದು ಕೆಳಗೆ ಹನಿಯುತ್ತೆ. ಕೆಳಗಿಂದ ನೋಡೋರಿಗೆ ಥೇಟ್ ಹಿಂದಿನ ಸೀಲಿನ ಲೀಕಿನ ಹಾಗೇ. ಸಣ್ಣ ಕನ್ನಡಿಯನ್ನು ಟಾರ್ಚಿನ ಜೊತೆ ಹಿಂದಕ್ಕೆ ತೂರಿಸಿದೆ, ಸೆನ್ಸರಿನ ಬುಡದಿಂದಲೇ ಒದ್ದೆ ಶುರುವಾಗಿತ್ತು. ತೆಗೆಯೋ ಮುಂಚೆ ಸೆನ್ಸರಿನ ಮೇಲೂ ಹೆಡ್ಡಿನ ಮೇಲೂ ಸೇರಿಸಿ ಒಂದು ಗೆರೆ ಗೀಚಿ. ವಾಪಸ್ ಕೂರಿಸುವಾಗ ಆ ಗೆರೆ ಸೇರಲೇಬೇಕು, ಇಲ್ಲದಿದ್ದರೆ ಇಗ್ನಿಷನ್ ಟೈಮಿಂಗ್, ಅಂದರೆ ಸ್ಪಾರ್ಕ್ ಹೊಡೆಯೋ ಸಮಯ, ಆಚೀಚೆಯಾಗುತ್ತೆ. ಹೊಸ ಓ-ರಿಂಗಿಗೆ ಕೆಲವೇ ಡಾಲರ್. ಒಂದು ವಾರ ಕೆಳಗೆ ರಟ್ಟು ಹಾಸಿ ನೋಡಿದೆ, ಹನಿ ಬೀಳಲಿಲ್ಲ.

ಟಾಪ್ ಬದಲಾಯಿಸೋದನ್ನು ಗೊತ್ತಿರೋರಿಗೇ ಕೊಟ್ಟೆ. ಆ ನೀರಿನ ತೂತುಗಳನ್ನು ಮಾತ್ರ ನಾನೇ ಹುಲ್ಲು ಕತ್ತರಿಸೋ ಯಂತ್ರದ ದಪ್ಪ ನೈಲಾನ್ ದಾರ ಬಿಟ್ಟು ಸ್ವಚ್ಛ ಮಾಡ್ತೀನಿ, ಒಂದು ಚೊಂಬು ನೀರು ಹುಯ್ದು ಚಕ್ರದ ಹತ್ತಿರ ಬರುತ್ತಾ ನೋಡ್ತೀನಿ. ಟೈರ್‌ಗಳ ಗೆರೆ ಹೊಸದರ ಹಾಗಿದ್ದರೂ ಪಕ್ಕದಲ್ಲಿ 2311 ಅಂತಿತ್ತು. ಅಂದರೆ 2011ರ 23ನೇ ವಾರದಲ್ಲಿ ಮಾಡಿದ್ದು. ಗೆರೆ ಸವೆಯದಿದ್ದರೂ ರಬ್ಬರ್ ಹಳೇದು, ಅದಕ್ಕೇ ನಾಲ್ಕೂ ಹೊಸದು ಹಾಕಿಸಿದೆ. ಇಲ್ಲಿ ಉಳಿತಾಯ ಬೇಡ.

ಈಗ ಶನಿವಾರಗಳಲ್ಲಿ ಬ್ಲೂ ರಿಡ್ಜ್ ಪಾರ್ಕ್‌ವೇ ಅನ್ನೋ ಬೆಟ್ಟದ ರಸ್ತೆ ಕಡೆ ಹೋಗ್ತೀವಿ. ಟೆನ್ನೆಸ್ಸೀ ಗಡಿಯ ಡೀಲ್ಸ್ ಗ್ಯಾಪ್, ಅಂದರೆ 11 ಮೈಲಿಗೆ 318 ತಿರುವು ಇರೋ ಆ ರಸ್ತೆಗೆ, ಟೈಮಿಂಗ್ ಬೆಲ್ಟ್ ಬದಲಾಯಿಸದೆ ಹೋಗೋಲ್ಲ ಅಂತ ತೀರ್ಮಾನ ಮಾಡಿದ್ದೀನಿ. ಪಿಸ್ಟನ್ನಿಗೂ ವಾಲ್ವ್‌ಗಳಿಗೂ ತಾಳ ತಪ್ಪದ ಹಾಗೆ ನೋಡಿಕೊಳ್ಳೋದು ಆ ಬೆಲ್ಟು. 60,000 ಮೈಲಿಗೊಮ್ಮೆ ಬದಲಾಯಿಸಬೇಕು ಅನ್ನೋದು ಲೆಕ್ಕ, ಹಿಂದಿನ ದಾಖಲೆ ಸಿಕ್ಕಿಲ್ಲ. ಈ ಎಂಜಿನ್ನಿನಲ್ಲಿ ಬೆಲ್ಟ್ ಹರಿದರೂ ವಾಲ್ವ್‌ಗೆ ಪಿಸ್ಟನ್ ಬಡಿಯೋಲ್ಲ, ಕಾರು ನಿಂತಲ್ಲೇ ನಿಲ್ಲುತ್ತೆ ಅಷ್ಟೇ. ಆದರೆ ಮೊಬೈಲ್ ಸಿಗ್ನಲ್ ಇಲ್ಲದ ಗುಡ್ಡದ ತಿರುವಿನಲ್ಲಿ ನಿಲ್ಲೋದು ಬೇಡ. ಬೆಲ್ಟು, ವಾಟರ್ ಪಂಪು, ಮುಂದಿನ ಸೀಲುಗಳು ಬಂದು ಗ್ಯಾರೇಜಿನಲ್ಲಿವೆ. ಬೆಲ್ಟಿಗೆ ಕೈ ಹಾಕೋ ಮುಂಚೆ ಎಂಜಿನ್ನಿನ ಮುಂದಿರೋ ದೊಡ್ಡ ಕ್ರ್ಯಾಂಕ್ ಬೋಲ್ಟ್ ಬಿಡಿಸುವಾಗ ಎಂಜಿನ್ ತಿರುಗದ ಹಾಗೆ ಹಿಡಿಯೋ ಸಾಧನ ಒಂದು ಬೇಕು. ಕ್ಯಾರಿ, ಮಾರಿಸ್‌ವಿಲ್ ಸುತ್ತಮುತ್ತ ಯಾರ ಹತ್ತಿರವಾದರೂ ಇದ್ದರೆ ಒಂದು ಭಾನುವಾರ ತಗೊಂಡು ಬನ್ನಿ. ಹಾಸನದ ಫಿಲ್ಟರ್ ಕಾಫಿ, ಧಾರವಾಡದ ಅವಲಕ್ಕಿ ಎರಡೂ ಇರುತ್ತೆ. ಕೆಲಸ ನೋಡೋಕೆ ಮಾತ್ರ ಬರೋರೂ ಬರಬಹುದು.