ಜಪಾನಿಗೆ ಹೊರಡುವ ಮುನ್ನ ಒಂದು ತಿಂಗಳು

ವೀಸಾ, ಟಿಕೆಟ್ ಎಲ್ಲ ಆಗಿ ಹೊರಡಲು ಇನ್ನೊಂದು ತಿಂಗಳಿದ್ದರೆ ದಿನಕ್ಕೆ ಅರ್ಧ ಗಂಟೆ ಜಪಾನಿ ಭಾಷೆಗೆ ಮೀಸಲಿಡಿ. ಇಂಗ್ಲಿಷ್ ಅಕ್ಷರದ ವಾಕ್ಯಪಟ್ಟಿಯನ್ನು ಮೊದಲು ಪಕ್ಕಕ್ಕಿಡಿ. ರೆಕಾರ್ಡಿಂಗ್ ಕೇಳಿ, ಒಂದೊಂದು ವಾಕ್ಯವನ್ನೂ ಕನ್ನಡದಲ್ಲೇ ಬರೆದುಕೊಳ್ಳಿ. ಇಂಗ್ಲಿಷಿನಲ್ಲಿ ಓದಿದರೆ ಧನ್ಯವಾದ ಹೇಳುವಾಗ ನಮ್ಮ ಬಾಯಿಗೆ 'ಅರಿಗಾಟೋ' ಬಂದುಬಿಡುತ್ತದೆ. ಜಪಾನಿಯಲ್ಲಿ ಟ, ಡ ಇಲ್ಲ, ಅದು 'ಅರಿಗತೋ'. ಹ್ರಸ್ವ ದೀರ್ಘ ತಪ್ಪಿದರೆ ಅರ್ಥವೇ ಬದಲಾಗುತ್ತದೆ: ಒಬಸನ್ ಅಂದರೆ ಅತ್ತೆ, ಚಿಕ್ಕಮ್ಮ, ಒಬಾಸನ್ ಅಂದರೆ ಅಜ್ಜಿ. ಬಿರು ಕಟ್ಟಡ, ಬೀರು ಬಿಯರ್. ಒತ್ತಕ್ಷರವೂ ಹಾಗೆಯೇ, ಕಿತ್ತೆ ಎಂದರೆ ಅಂಚೆಚೀಟಿ, ಒತ್ತು ಬಿಟ್ಟು ಕಿತೆ ಎಂದರೆ 'ಬಾ'. ಎ ಏ, ಒ ಓ ಬೇರೆ ಬೇರೆ ಬರೆಯುವ ನಮ್ಮ ಲಿಪಿ ಇದಕ್ಕೆ ಹೇಳಿ ಮಾಡಿಸಿದ್ದು.

ನಮಗೆ ಕಷ್ಟವಾಗುವುದು ಪದದ ಕೊನೆಯ ಉಕಾರ. ಬಸ್ಸು, ಕಾರು ಎಂದು ಉಕಾರ ಸೇರಿಸಿಯೇ ಮಾತಾಡುವ ನಾವು ವಾಕ್ಯದ ಕೊನೆಗೆ ಬರುವ 'ದೆಸು', 'ಮಸು'ಗಳನ್ನು ಪೂರ್ತಿ ಎಳೆಯುತ್ತೇವೆ. ಅಲ್ಲಿ ಸಾಮಾನ್ಯವಾಗಿ ಕೇಳಿಸುವುದು ದೆಸ್, ಮಸ್.

ವಾಕ್ಯರಚನೆಗೆ ಹೆದರಬೇಕಿಲ್ಲ. ಕ್ರಿಯಾಪದ ಕೊನೆಗೆ, ವಿಭಕ್ತಿ ನಾಮಪದದ ನಂತರ. 'ಕೊರೆ ಒ ಕುದಸಯ್': ಇದು, ಅನ್ನು, ಕೊಡಿ. ಕೊನೆಗೆ 'ಕ' ಸೇರಿಸಿದರೆ ಪ್ರಶ್ನೆ: 'ತೊಯ್ರೆ ವ ದೊಕೊ ದೆಸ್ ಕ', ಶೌಚಾಲಯ ಎಲ್ಲಿದೆ? ಸಂಖ್ಯೆಗಳಲ್ಲಿ ಮಾತ್ರ ಎಚ್ಚರ ಬೇಕು. ಹ್ಯಕು ಎಂದರೆ ನೂರು. ಆದರೆ 300 ಸನ್‌ಬ್ಯಕು, 600 ರೊಪ್ಪ್ಯಕು, 800 ಹಪ್ಪ್ಯಕು. ನಮ್ಮ ಇನ್ನೂರು, ಮುನ್ನೂರುಗಳಂತೆ ಇವನ್ನು ಇಡಿಯಾಗಿಯೇ ಬಾಯಿಪಾಠ ಮಾಡಬೇಕು. ಸಾವಿರದಾಚೆ ಎಣಿಕೆ 10,000ದ 'ಮನ್' ಲೆಕ್ಕದಲ್ಲಿ ಸಾಗುತ್ತದೆ. ಒಂದು ಲಕ್ಷ ಎಂದರೆ ಹತ್ತು ಮನ್.

ಓದಲು ಒಂದೇ ಲಿಪಿಗೆ ಸಮಯವಿದ್ದರೆ ಕತಕನ ಆರಿಸಿಕೊಳ್ಳಿ. ಕಾಫಿ, ಚೀಸ್, ಬ್ರೆಡ್ ಇಂಥ ಹೊರಗಿನಿಂದ ಬಂದ ಪದಗಳು ಮೆನುವಿನಲ್ಲಿ ಹೆಚ್ಚಾಗಿ ಅದರಲ್ಲೇ ಇರುತ್ತವೆ. ಮೂಲಾಕ್ಷರ 46, ದಿನಕ್ಕೆ ಐದರಂತೆ ಹತ್ತು ದಿನದ ಕೆಲಸ. ಕ್ರಮವೂ ಅ, ಕ, ಸ, ತ, ನ, ಹ, ಮ, ಯ, ರ, ವ. ಸಂಸ್ಕೃತ ವರ್ಣಮಾಲೆಯ ಪ್ರಭಾವದಿಂದ ಬಂದದ್ದಾದ್ದರಿಂದ ಬೇಗ ಹಿಡಿತಕ್ಕೆ ಸಿಗುತ್ತದೆ. ಎಲ್ಲರೂ ಎಡವುವುದು ಶಿ ಮತ್ತು ತ್ಸು ಎರಡರಲ್ಲಿ. ಎರಡರಲ್ಲೂ ಎರಡು ಚಿಕ್ಕ ಗೀಟು, ಒಂದು ಉದ್ದ ಗೀಟು. ಚಿಕ್ಕ ಗೀಟುಗಳು ಎಡಬದಿಯಲ್ಲಿ ಒಂದರ ಕೆಳಗೊಂದು ನಿಂತು, ಉದ್ದದ್ದು ಕೆಳಗಿನಿಂದ ಮೇಲಕ್ಕೆ ಹೋದರೆ ಶಿ. ಅವು ಮೇಲ್ಭಾಗದಲ್ಲಿ ಅಕ್ಕಪಕ್ಕ ನಿಂತು, ಉದ್ದದ್ದು ಮೇಲಿನಿಂದ ಕೆಳಕ್ಕೆ ಇಳಿದರೆ ತ್ಸು. ನೋಡಿದರೆ ಸಾಲದು, ಕೈಯಲ್ಲಿ ಬರೆದರೇ ಇದು ಕೂರುವುದು.

ಅಂಗಡಿಯಲ್ಲಿ 'ಇರಶ್ಶಯ್ಮಸೆ' ಎಂದು ಸ್ವಾಗತಿಸಿದರೆ ಉತ್ತರ ಬೇಕಿಲ್ಲ. ಕೌಂಟರಿನಲ್ಲಿ 'ಫುಕುರೊ' ಕಿವಿಗೆ ಬಿದ್ದರೆ ಚೀಲ ಬೇಕೇ ಎಂದು. 2020ರ ಜುಲೈನಿಂದ ಪ್ಲಾಸ್ಟಿಕ್ ಚೀಲಕ್ಕೆ ದುಡ್ಡು ಕೊಡಬೇಕು. 'ಅತತಮೆ' ಕೇಳಿಸಿದರೆ ತಿಂಡಿ ಬಿಸಿ ಮಾಡಲೇ ಎಂದು. ಬೇಕಾದರೆ 'ಒನೆಗಯ್ ಶಿಮಸ್', ಬೇಡವಾದರೆ 'ದಯ್ಜೋಬು ದೆಸ್'. ದಯ್ಜೋಬು ಎಂದರೆ 'ಪರವಾಗಿಲ್ಲ' ಎಂದು ಓದಿಕೊಂಡು ಒಪ್ಪಿಗೆಗೆ ಬಳಸಿದರೆ ಬೇಡ ಅಂದಂತಾಗುತ್ತದೆ. ಹಣವನ್ನು ಅಲ್ಲಿರುವ ಪುಟ್ಟ ತಟ್ಟೆಯಲ್ಲಿಡಿ. ಹೋಟೆಲಿನಲ್ಲಿ ಟಿಪ್ಸ್ ಕೊಡುವ ರೂಢಿ ಇಲ್ಲ.

ಸಸ್ಯಾಹಾರಿಗಳು ಹೆಚ್ಚು ತಯಾರಿ ಮಾಡಿಕೊಳ್ಳಬೇಕು. 'ವೆಜಿಟೇರಿಯನ್' ಎಂದರೆ ಮಾಂಸದ ತುಂಡು ತೆಗೆದು ಕೊಡುವುದುಂಟು. ಒಣಮೀನಿನ ಚೂರಿನಿಂದ ತೆಗೆದ 'ದಶಿ' ಎಂಬ ರಸ ಹಾಗೆಯೇ ಉಳಿಯುತ್ತದೆ. ಮಿಸೊ ಸಾರು, ನೂಡಲ್ಸ್ ರಸ, ತೆಂಪುರ ಎಂಬ ಬಜ್ಜಿಯಂಥ ಕರಿದ ತಿನಿಸನ್ನು ಅದ್ದಿಕೊಳ್ಳುವ ರಸ ಎಲ್ಲದರಲ್ಲೂ ಸಾಮಾನ್ಯವಾಗಿ ಅದು ಇರುತ್ತದೆ. ಆದ್ದರಿಂದ ಎರಡು ವಾಕ್ಯ ಬಾಯಿಪಾಠವಾಗಿರಲಿ: 'ನಿಕು ತೊ ಸಕನ ವ ತಬೆಮಸೆನ್', ಮಾಂಸ ಮೀನು ತಿನ್ನುವುದಿಲ್ಲ. 'ಸಕನ ನೊ ದಶಿ ಮೊ ದಮೆ ದೆಸ್', ಮೀನಿನ ರಸವೂ ಆಗದು. ಇದನ್ನೇ ಜಪಾನಿ ಲಿಪಿಯಲ್ಲಿ ಮುದ್ರಿಸಿದ ಚೀಟಿಯೊಂದು ಜೇಬಿನಲ್ಲಿರಲಿ. ತರಕಾರಿ ತೆಂಪುರದ ಹಿಟ್ಟಿಗೂ ಮೊಟ್ಟೆ ಹಾಕುವುದುಂಟು, ಕೇಳಿ. ಸಣ್ಣ ಹೋಟೆಲಿನಲ್ಲಿ ರಸ ಮೊದಲೇ ತಯಾರಾಗಿರುವುದರಿಂದ ಅವರು ಆಗುವುದಿಲ್ಲ ಎಂದರೆ ಒತ್ತಾಯ ಮಾಡಬೇಡಿ. ವಸತಿಗೃಹದಲ್ಲಿ ಊಟವೂ ಸೇರಿದ್ದರೆ ಬುಕಿಂಗ್ ಮಾಡುವಾಗಲೇ ತಿಳಿಸಿ. ಕೋಯಸನ್ ಬೆಟ್ಟದ ದೇಗುಲಗಳಲ್ಲಿ ಉಳಿದುಕೊಂಡರೆ 'ಶೋಜಿನ್ ರ್ಯೋರಿ' ಎಂಬ ಬೌದ್ಧ ಸಸ್ಯಾಹಾರ ಸಿಗುತ್ತದೆ. ಜಪಾನಿನಲ್ಲಿ ನಿಶ್ಚಿಂತೆಯಿಂದ ಉಣ್ಣಬಹುದಾದ ಊಟ ಅದು.

ಊಟದ ಕಡ್ಡಿಯನ್ನು ಅನ್ನದಲ್ಲಿ ನೆಟ್ಟಗೆ ಚುಚ್ಚಬೇಡಿ, ಸತ್ತವರಿಗೆ ಇಡುವ ಅನ್ನದಲ್ಲಿ ಹಾಗೆ ಮಾಡುತ್ತಾರೆ. ಕಡ್ಡಿಯಿಂದ ಕಡ್ಡಿಗೆ ತಿನಿಸು ದಾಟಿಸುವುದೂ ಬೇಡ. ದಹನದ ನಂತರ ಅಸ್ಥಿಯನ್ನು ಎತ್ತುವ ಕ್ರಮ ಅದು.

ರೈಲಿನಲ್ಲಿ ಫೋನ್ ಸೈಲೆಂಟ್ ಇರಲಿ, ಕರೆ ಬಂದರೆ ಇಳಿದ ಮೇಲೆ ಮಾತಾಡಿ. ಎಸ್ಕಲೇಟರಿನಲ್ಲಿ ತೋಕ್ಯೋದವರು ಎಡಕ್ಕೆ, ಓಸಕದವರು ಬಲಕ್ಕೆ ನಿಲ್ಲುತ್ತಾರೆ, ಮುಂದಿನವರನ್ನು ನೋಡಿ ನಿಂತರಾಯಿತು. ಬೀದಿಯಲ್ಲಿ ಕಸದ ಬುಟ್ಟಿ ಅಪರೂಪ, ಬ್ಯಾಗಿನಲ್ಲಿ ಖಾಲಿ ಕವರ್ ಇಟ್ಟುಕೊಳ್ಳಿ. ಮನೆಗಳಲ್ಲಿ ಶೂ ಬಿಚ್ಚುವುದು ನಮಗೆ ಹೊಸದಲ್ಲ. ಆದರೆ ಒಳಗೆ ಕೊಡುವ ಚಪ್ಪಲಿಯನ್ನೂ ತತಮಿ ಚಾಪೆಯ ಕೋಣೆಯ ಹೊರಗೇ ಬಿಡಬೇಕು. ಶೌಚಾಲಯಕ್ಕೆ ಬೇರೆ ಚಪ್ಪಲಿ ಇಟ್ಟಿದ್ದರೆ ಅದು ಅಲ್ಲಿಗೆ ಮಾತ್ರ. ಮರೆತು ಅದರಲ್ಲೇ ಕೋಣೆಗೆ ಬಂದುಬಿಡುವವರು ಬಹಳ. ಕಾಲುಚೀಲ ಹರಿದಿಲ್ಲವೇ ಎಂದು ಪ್ಯಾಕ್ ಮಾಡುವಾಗಲೇ ನೋಡಿಕೊಳ್ಳಿ.