ನಿಂಗೆ ಆಗುವ ಮದ್ದು ಅವ್ನಿಗೆ ಎಂತಕ್ಕೆ ಆಗುದಿಲ್ಲ?

ಈ ಪ್ರಶ್ನೆಗೆ ಇನ್ನು ನಾನು ಬಾಯಿಬಿಟ್ಟು ಉತ್ತರ ಹೇಳುವುದಿಲ್ಲ. ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ನನಗೂ ಅಕ್ಕನ ಮಗನಿಗೂ ಹಿಮೋಫಿಲಿಯಾ ಎ ಇದೆ. ಅಮ್ಮನಿಂದ ನನಗೂ ಅಕ್ಕನಿಗೂ ಬಂತು, ಅಕ್ಕನಿಂದ ಅವನಿಗೆ. ರಕ್ತ ಹೆಪ್ಪುಗಟ್ಟಲು ಬೇಕಾದ ಎಂಟನೇ ಫ್ಯಾಕ್ಟರ್ ಎಂಬ ಪ್ರೋಟೀನ್ ನಮ್ಮಿಬ್ಬರಿಗೂ ಇಲ್ಲ. ಅದನ್ನು ನರಕ್ಕೆ ಕೊಟ್ಟರೆ ನನಗೆ ರಕ್ತ ನಿಲ್ಲುತ್ತದೆ. ಅವನಿಗೆ ನಿಲ್ಲುವುದಿಲ್ಲ. ಅವನ ಮೈ ಆ ಪ್ರೋಟೀನನ್ನು ಹೊರಗಿನದು ಎಂದು ತಿಳಿದು, ಅದಕ್ಕೆ ಅಂಟಿಕೊಂಡು ಅದರ ಕೆಲಸ ಕೆಡಿಸುವ ಆಂಟಿಬಾಡಿ ಮಾಡಿಕೊಂಡಿದೆ. ಡಾಕ್ಟರುಗಳು ಇದಕ್ಕೆ ಇನ್‌ಹಿಬಿಟರ್ ಅನ್ನುತ್ತಾರೆ. ತೀವ್ರ ಹಿಮೋಫಿಲಿಯಾ ಎ ಇರುವ 100 ಮಂದಿಯಲ್ಲಿ ಸುಮಾರು 25ರಿಂದ 30 ಮಂದಿಗೆ ಹೀಗಾಗುತ್ತದೆ. ಮದ್ದು ಕೊಟ್ಟ ದಿನಗಳನ್ನಷ್ಟೇ ಎಣಿಸಿದರೆ, ಹೆಚ್ಚಾಗಿ ಮೊದಲ 50ರೊಳಗೇ. ಜೀನಿನ ದೋಷ ನಮ್ಮಿಬ್ಬರದ್ದೂ ಒಂದೇ. ಆದರೆ ರೋಗನಿರೋಧಕ ಶಕ್ತಿ ನನ್ನದು ಬೇರೆ, ಅವನದು ಬೇರೆ. ಅದರಲ್ಲಿ ಅವನ ಅಪ್ಪನ ಕಡೆಯದ್ದೂ ಸೇರಿದೆ. ಹಾಗಂತ ಈಗ ಭಾವನನ್ನು ದೂರಲು ಹೋಗಬೇಡಿ.

‘ಹಾಗಾದರೆ ಅವನಿಗೆ ಮದ್ದೇ ಇಲ್ವಾ?’ ಇದೆ. ಎಂಟನೆಯದನ್ನು ಬಿಟ್ಟು ಬೇರೆ ದಾರಿಯಲ್ಲಿ ರಕ್ತ ಹೆಪ್ಪುಗಟ್ಟಿಸುವ ಏಳನೇ ಫ್ಯಾಕ್ಟರ್ ಇದೆ. 2017ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ ಎಮಿಸಿಜುಮಾಬ್ ಇದೆ. ಅದೂ ಒಂದು ಆಂಟಿಬಾಡಿಯೇ. ಒಂದು ಕೈಯಲ್ಲಿ ಒಂಬತ್ತನೇ ಫ್ಯಾಕ್ಟರನ್ನೂ ಇನ್ನೊಂದರಲ್ಲಿ ಹತ್ತನೆಯದನ್ನೂ ಹಿಡಿದು ಎಂಟನೆಯದರ ಕೆಲಸ ಮಾಡುತ್ತದೆ. ಕೊಡುವುದು ಚರ್ಮದ ಅಡಿಗೆ.

ನನಗೆ ಸಿಟ್ಟು ಬರುವುದು ಪ್ರಶ್ನೆಗಲ್ಲ, ಕೇಳುವ ರೀತಿಗೆ. ಕಟಪಾಡಿಯಲ್ಲಿ ಒಂದು ಮೆಹೆಂದಿಗೆ ಹೋಗಿದ್ದೆವು. ಅಳಿಯನಿಗೆ ಆಗ ಹದಿಮೂರು. ಒಳಗೆ ರಕ್ತ ಸೋರಿ ಮೊಣಕಾಲು ಊದಿತ್ತು. ಕಾಲನ್ನು ಇನ್ನೊಂದು ಕುರ್ಚಿಯ ಮೇಲೆ ಚಾಚಿ ಕೂತು ಬಂಗುಡೆ ಫ್ರೈ ತಿನ್ನುತ್ತಿದ್ದ. ಸಂಬಂಧಿಕರೊಬ್ಬರು ಬಂದು ಅವನನ್ನು ನೋಡಿದರು, ನನ್ನನ್ನು ನೋಡಿದರು. ಅದೇ ಪ್ರಶ್ನೆ. ಉತ್ತರವೂ ಅವರದ್ದೇ: ‘ಬಂಗುಡೆ ನಂಜಲ್ವಾ ಮಾರಾಯ? ಸ್ವಲ್ಪ ಬಾಯಿ ಕಟ್ಟಿದ್ರೆ ಇವ್ನಿಗೂ ಮದ್ದು ಹಿಡೀತಿತ್ತು.’

ಅಳಿಯ ಏನೂ ಹೇಳಲಿಲ್ಲ. ಮೀನನ್ನು ತಟ್ಟೆಯ ಅಂಚಿಗೆ ಸರಿಸಿದ.

ಮೀನಿಗೂ ಇದಕ್ಕೂ ಸಂಬಂಧ ಇಲ್ಲ ಅಂದೆ. ನನ್ನ ಸ್ವರ ದೊಡ್ಡದಾಯಿತು, ನಾಲ್ಕು ಜನ ತಿರುಗಿ ನೋಡಿದರು. ದೊಡ್ಡದಾದದ್ದಕ್ಕೆ ನನಗೆ ಬೇಜಾರಿಲ್ಲ. ಮಕ್ಕಳ ಎದುರು ಹೀಗೆ ಮಾತಾಡಿದರೆ ಇಂದಿಗೂ ಹಾಗೇ ಹೇಳುತ್ತೇನೆ.

ವಾಪಸು ಬರುವಾಗ ಕಾರಿನಲ್ಲಿ ಅವನು ಕೇಳಿದ: ‘ಮಾವ, ಆ ಆಂಟಿಬಾಡಿ ಹೋಗಿ ಫ್ಯಾಕ್ಟರಿನ ಯಾವ ಜಾಗಕ್ಕೆ ಅಂಟುದು?’

ಇಷ್ಟು ವರ್ಷದಲ್ಲಿ ಯಾರಾದರೂ ಕೇಳಬಾರದಾ ಅಂತ ನಾನು ಕಾದಿದ್ದ ಪ್ರಶ್ನೆ ಅದು. ಯಾಕೆಂದರೆ ಆ ಜಾಗದ ಚಿತ್ರವೇ ಇದೆ. ಫೋನಿನಲ್ಲಿ ತೆಗೆದು ಕೊಟ್ಟೆ.

ಬೆಲ್ಜಿಯಂನ ವಿಜ್ಞಾನಿಗಳು ಇವನ ಹಾಗೆಯೇ ಇನ್‌ಹಿಬಿಟರ್ ಇದ್ದ ಒಬ್ಬ ರೋಗಿಯ ರಕ್ತದಲ್ಲಿ ಆಂಟಿಬಾಡಿ ಮಾಡುವ ಬಿ ಕಣಗಳಿಂದ ಒಂದು ಆಂಟಿಬಾಡಿ ಪಡೆದಿದ್ದರು. ಅದರ ಹೆಸರು ಬಿಒ2ಸಿ11. ಎಂಟನೇ ಫ್ಯಾಕ್ಟರ್ ಅಮೈನೋ ಆಮ್ಲ ಎಂಬ 2332 ಕೊಂಡಿಗಳ ಉದ್ದ ಸರಪಳಿ. ಅದರ ಕೊನೆಯ ಭಾಗಕ್ಕೆ ಸಿ2 ಅನ್ನುತ್ತಾರೆ. ಸಿ2 ಮತ್ತು ಆಂಟಿಬಾಡಿಯ ಹಿಡಿಯುವ ತುಂಡು, ಎರಡನ್ನೂ ಅಮೆರಿಕದ ವಿಜ್ಞಾನಿಗಳು ಅವರೊಂದಿಗೆ ಸೇರಿ ಕಲ್ಲುಸಕ್ಕರೆಯಂತೆ ಒಟ್ಟಿಗೆ ಹರಳುಗಟ್ಟಿಸಿದರು. ಹರಳಿಗೆ ಎಕ್ಸ್-ರೇ ಹಾಯಿಸಿ, ಅದು ಚದುರಿದ ರೀತಿಯಿಂದ ಒಂದೊಂದು ಪರಮಾಣು ಎಲ್ಲಿದೆ ಎಂದು ಲೆಕ್ಕ ಹಾಕಿದರು. 2001ರಲ್ಲಿ ಪ್ರಕಟವಾದ ಆ ಚಿತ್ರದ ಸ್ಪಷ್ಟತೆ 2 ಆಂಗ್‌ಸ್ಟ್ರಾಂ. ಒಂದು ಮಿಲಿಮೀಟರನ್ನು ಒಂದು ಕೋಟಿ ಪಾಲು ಮಾಡಿ, ಅದರಲ್ಲಿ ಎರಡು ಪಾಲು!

ಗಾಯವಾದಾಗ ಎಂಟನೇ ಫ್ಯಾಕ್ಟರ್ ಪ್ಲೇಟ್‌ಲೆಟ್ ಎಂಬ ರಕ್ತದ ಪುಟ್ಟ ಕಣಗಳ ಮೈಗೆ ಕಚ್ಚಿಕೊಳ್ಳಬೇಕು. ಅಲ್ಲಿ ಕೂತರೇ ಅದಕ್ಕೆ ಕೆಲಸ. ಅದಕ್ಕಾಗಿ ಸಿ2ರ ಅಡಿಯಲ್ಲಿ ಕೊಕ್ಕೆಗಳ ಹಾಗೆ ಚಾಚಿಕೊಂಡ ಅಮೈನೋ ಆಮ್ಲಗಳಿವೆ. ಎಣ್ಣೆಯಂತೆ ನೀರಿಗೆ ಸೇರದವು. 2199, 2200, 2251, 2252ನೇ ಜಾಗದವು. ಬಿಒ2ಸಿ11 ಹೋಗಿ ಹಿಡಿದಿರುವುದು ಆ ಕೊಕ್ಕೆಗಳನ್ನೇ.

ಅವನು ಚಿತ್ರವನ್ನು ಬೆರಳಲ್ಲಿ ತಿರುಗಿಸಿ ತಿರುಗಿಸಿ ನೋಡಿದ. ‘ಲಂಗರಿಗೇ ಬಟ್ಟೆ ಸುತ್ತಿದ ಹಾಗೆ’ ಅಂದ. ಮಲ್ಪೆಯ ಹುಡುಗ. ಇನ್ನು ಲಂಗರು ಹಾಕಿಯೂ ದೋಣಿ ನಿಲ್ಲುವುದಿಲ್ಲ, ಅಲ್ವಾ?

ನಿನ್ನದೂ ಅಲ್ಲೇ ಹಿಡಿದಿದೆ ಅಂತ ಅಲ್ಲ ಎಂದೆ. ಎ2 ಎಂಬ ಬೇರೆ ಭಾಗವನ್ನು ಹಿಡಿಯುವ ಆಂಟಿಬಾಡಿಗಳೂ ಇವೆ. ಒಬ್ಬನ ಮೈಯಲ್ಲೇ ಎರಡು ಮೂರು ಬಗೆ ಇರಬಹುದು.

‘ಈ ಚಿತ್ರದ್ದು ಒಬ್ಬ ಮನುಷ್ಯನದ್ದೇ?’

‘ಹೌದು. ನಿನ್ನ ಹಾಗೆ ಮದ್ದು ತಾಗದವರದ್ದು.’

ದಾರಿಯುದ್ದಕ್ಕೂ ಫೋನ್ ಅವನ ಕೈಯಲ್ಲೇ ಇತ್ತು. ಮನೆ ಮುಟ್ಟಿದ ಮೇಲೆ ಕುಂಟುತ್ತಾ ಒಳಗೆ ಹೋಗಿ ಅಕ್ಕನ ಹತ್ತಿರ ಹೇಳಿದ: ‘ಅಮ್ಮಾ, ನಾಳೆ ಬಂಗುಡೆ ತರಿಸು.’